ಒಪ್ಪಿಗೆ ಕೇಳುವುದಾದರೆ ನಮ್ಮ ಭಾಷೆಯಲ್ಲಿ ಕೇಳಿ

ಮಾನ್ಯ ಸಂಪಾದಕರೇ,

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂದಾಗಿನಿಂದ ನಿಮ್ಮ ಓದುಗರ ಅಂಕಣದಲ್ಲಿ ಆ ಬಗ್ಗೆ ತುಂಬಾ ಪತ್ರಗಳು ಬಂದಿವೆ. ಎಲ್ಲವನ್ನೂ ಓದಿದ್ದೇನೆ. ಸಾಲ ಮಾಡಿ ಆಡಿ ಬೀದಿಗೆ ಬಿದ್ದವರ ಕಥೆ ಓದಿ ಸಂಕಟವಾಯಿತು. ಆದರೆ ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್ ಬಗ್ಗೆ ಒಬ್ಬರೂ ಬರೆಯಲಿಲ್ಲ. ಹುಡುಗ ಮನೆಯಲ್ಲೇ ಇರುತ್ತಾನೆ, ಕಣ್ಣೆದುರಿಗೇ ಆಡುತ್ತಾನೆ, ದುಡ್ಡು ಹೋಗುವ ಭಯವಿಲ್ಲ, ಇನ್ನೇನು ಬೇಕು ಅಂತ ನಾವೆಲ್ಲ ಸುಮ್ಮನಿದ್ದೇವೆ. ಈ ಜನವರಿಯವರೆಗೆ ನಾನೂ ಸುಮ್ಮನಿದ್ದೆ.

ಸಂಕ್ರಾಂತಿಗೆ ಎರಡು ದಿನ ಮುಂಚೆ. ಸಂಜೆ ಹೊತ್ತು. ನಮ್ಮತ್ತೆ ಹಾಲ್‌ನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ನಮ್ಮ ಮನೆಯವರೂ ಅವರ ಪಕ್ಕದಲ್ಲೇ ಕೂತು, ಹೋದ ವರ್ಷ ತೀರಿಕೊಂಡ ನಮ್ಮ ಮಾವನವರ ಹೆಸರಿನಲ್ಲಿರುವ ತೋಟದ ವಿಷಯ ಮಾತಾಡುತ್ತಿದ್ದೆವು. ಭಾವನವರು ಮಾರೋಣ ಅನ್ನುತ್ತಾರೆ, ಅತ್ತೆಗೆ ಇಷ್ಟವಿಲ್ಲ, ಎಕರೆಗೆ ಎಷ್ಟು ಬರಬಹುದು, ಹೀಗೆ ಮನೆಯೊಳಗಿನ ಮಾತು. ಮಗ ಟಿವಿ ಮುಂದೆ ಫುಟ್‌ಬಾಲ್ ಆಟ ಆಡುತ್ತಿದ್ದ. ಇದ್ದಕ್ಕಿದ್ದಂತೆ ಟಿವಿಯೊಳಗಿಂದ ಒಬ್ಬ ಹುಡುಗನ ದನಿ ಬಂತು, ಅದೂ ಸ್ವಚ್ಛ ಕನ್ನಡದಲ್ಲಿ: "ಲೋ, ನಿಮ್ಮನೇಲಿ ತೋಟ ಮಾರ್ತಾ ಇದೀರೇನೋ?"

ಅತ್ತೆಯ ಕೈ ಅಲ್ಲೇ ನಿಂತುಹೋಯಿತು. "ಯಾರೋ ಅದು?" ಅಂತ ನಾನು ಕೇಳಿದೆ. "ಗೊತ್ತಿಲ್ಲಮ್ಮ, ಆಟದಲ್ಲಿ ಸಿಕ್ಕಿದವನು" ಅಂದ ಮಗ. ನಮ್ಮ ಮಾತು ಅವನಿಗೆ ಹೇಗೆ ಕೇಳಿಸಿತು ಅಂತ ಕೇಳಿದರೆ, ಮಗ ಕೈಯಲ್ಲಿದ್ದ ಕಂಟ್ರೋಲರ್ ತಿರುಗಿಸಿ ಅದರಲ್ಲಿದ್ದ ಸಾಸಿವೆ ಕಾಳಿನಷ್ಟು ಸಣ್ಣ ತೂತುಗಳನ್ನು ತೋರಿಸಿದ. ಮೈಕ್ ಅಲ್ಲೇ ಇದೆ. ಒಂದು ಬಟನ್ ಒತ್ತಿದರೆ ಆಫ್ ಆಗುತ್ತದೆ, ಒತ್ತದಿದ್ದರೆ ಆನ್ ಆಗಿಯೇ ಇರುತ್ತದೆ. ಆ ಪೆಟ್ಟಿಗೆ ನಮ್ಮ ಮನೆಗೆ ಬಂದು ಆಗಲೇ ಒಂಬತ್ತು ತಿಂಗಳಾಗಿತ್ತು. ಆ ಒಂಬತ್ತು ತಿಂಗಳಲ್ಲಿ ಹಾಲ್‌ನಲ್ಲಿ ಏನೇನು ಮಾತಾಡಿದ್ದೇವೆ ಅಂತ ಅವತ್ತು ರಾತ್ರಿಯೆಲ್ಲ ನೆನಪು ಮಾಡಿಕೊಳ್ಳುತ್ತಾ ಮಲಗಿದ್ದೆ. ಮಾವನವರ ಕಾಯಿಲೆ, ಆಸ್ಪತ್ರೆಯ ಖರ್ಚು, ನಾದಿನಿಯ ಸಂಸಾರದ ವಿಷಯ, ಫೋನಿನಲ್ಲಿ ಜೋರಾಗಿ ಓದಿ ಹೇಳಿದ ಪಾಸ್‌ಬುಕ್ ನಂಬರ್.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕೇಳಿಸಿದ್ದನ್ನು ಕೇಳಿದ, ಅಷ್ಟೇ. ಅವನ ಮನೆಯ ಮಾತೂ ಇನ್ನೆಲ್ಲೋ ಹೀಗೇ ಕೇಳಿಸುತ್ತಿರುತ್ತದೆ. ನನ್ನ ತಲೆಗೆ ಹೊಕ್ಕಿದ್ದು ಬೇರೆ ಪ್ರಶ್ನೆ. ಇದಕ್ಕೆಲ್ಲ ನಾವು ಯಾವಾಗ ಒಪ್ಪಿಗೆ ಕೊಟ್ಟೆವು?

ನೆನಪು ಮಾಡಿಕೊಂಡರೆ, ಕೊಟ್ಟಿದ್ದೇವೆ. ಹೋದ ವರ್ಷ ಏಪ್ರಿಲ್‌ನಲ್ಲಿ ಮಗನ ಹುಟ್ಟಿದಹಬ್ಬಕ್ಕೆ ಬೆಂಗಳೂರಿನಿಂದ ನನ್ನ ತಮ್ಮ ಅದನ್ನು ತಂದುಕೊಟ್ಟ. ಮಗನಿಗೆ ಆಗ ಹನ್ನೆರಡು ತುಂಬಿತು. ಪೆಟ್ಟಿಗೆ ಬಿಚ್ಚಿ, ವೈರ್ ಜೋಡಿಸಿ, ವೈಫೈ ಹಾಕಿದ ಮೇಲೆ ಹುಟ್ಟಿದ ದಿನಾಂಕ ಕೇಳಿತು. ಮಗ ನಿಜವಾದದ್ದನ್ನೇ ಹಾಕಲು ಹೊರಟ. "ಬೇಡ ಕಣೋ, 1995 ಅಂತ ಹಾಕು. ಇಲ್ಲಾಂದ್ರೆ ಅಮ್ಮಂದು ಬೇರೆ ಅಕೌಂಟ್ ಮಾಡ್ಬೇಕು, ಈಮೇಲ್ ಅಂತೆ, ಓಟಿಪಿ ಅಂತೆ, ಆಟ ಶುರುವಾಗೋಷ್ಟೊತ್ತಿಗೆ ರಾತ್ರಿಯಾಗುತ್ತೆ" ಅಂದ ಅವನ ಸೋದರಮಾವ. ನಾನು ಕೇಕ್ ಕತ್ತರಿಸುವ ಚಾಕು ಹುಡುಕುತ್ತಾ "ಬೇಗ ಮಾಡ್ರೋ" ಅಂದೆ. ಆಮೇಲೆ ಇಂಗ್ಲಿಷ್‌ನಲ್ಲಿ ಉದ್ದಕ್ಕೆ ಏನೋ ಬರಹ ಬಂತು. ಮಗ ಬಟನ್ ಒತ್ತಿ ಹಿಡಿದ, ಬರಹ ಜರ್ರನೆ ಮೇಲಕ್ಕೆ ಓಡಿತು, ಕೊನೆಯಲ್ಲಿ ಒಪ್ಪುತ್ತೇನೆ ಅನ್ನುವುದನ್ನು ಒತ್ತಿದ. ಹಾಗೇ ಇನ್ನೆರಡು ಸಲ. ಎಲ್ಲ ಸೇರಿ ಅರ್ಧ ನಿಮಿಷ ಆಗಿರಲಿಕ್ಕಿಲ್ಲ. ಆ ಅರ್ಧ ನಿಮಿಷದಲ್ಲಿ ಹನ್ನೆರಡು ವರ್ಷದ ಹುಡುಗ ಕಂಪನಿಯ ಪುಸ್ತಕದಲ್ಲಿ ಮೂವತ್ತು ವರ್ಷದ ಗಂಡಸಾದ, ಮತ್ತು ಆ ಮೂವತ್ತು ವರ್ಷದ ಗಂಡಸು ನಮ್ಮ ಮನೆಯ ಎಲ್ಲರ ಪರವಾಗಿ ಒಪ್ಪಂದಕ್ಕೆ ಸಹಿ ಹಾಕಿದ.

ನಾನು ಇಲ್ಲೊಂದು ಪತ್ತಿನ ಸಹಕಾರ ಸಂಘದಲ್ಲಿ 14 ವರ್ಷದಿಂದ ಸಾಲದ ಕೌಂಟರ್‌ನಲ್ಲಿದ್ದೇನೆ. ಓದು ಬಾರದವರು ಸಾಲಕ್ಕೆ ಬಂದರೆ ಹೆಬ್ಬೆಟ್ಟು ಒತ್ತಿಸುವ ಮುಂಚೆ ಕಾಗದವನ್ನು ಅವರಿಗೆ ಓದಿ ಹೇಳಬೇಕು. ಸಾಲ ಎಷ್ಟು, ಬಡ್ಡಿ ಎಷ್ಟು, ಕಂತು ತಪ್ಪಿದರೆ ಏನಾಗುತ್ತದೆ, ಜಾಮೀನು ಯಾರದು. ಅರ್ಥವಾಯಿತಾ ಅಂತ ಕೇಳಬೇಕು. ಆಮೇಲೆ ಹೆಬ್ಬೆಟ್ಟಿನ ಪಕ್ಕ "ಓದಿ ಹೇಳಲಾಗಿದೆ, ತಿಳಿದು ಒಪ್ಪಿರುತ್ತಾರೆ" ಅಂತ ಬರೆದು ಸಾಕ್ಷಿಯ ಸಹಿ ಹಾಕಿಸಬೇಕು. ಒಂದು ಸಲ ಎಮ್ಮೆ ಸಾಲಕ್ಕೆ ಬಂದ ಅಜ್ಜಿ ಬಡ್ಡಿಯ ಸಾಲನ್ನು ನನ್ನಿಂದ ಮೂರು ಸಲ ಓದಿಸಿದರು. ಹಿಂದೆ ಸರತಿಯಲ್ಲಿದ್ದವರು ಗೊಣಗಿದರು. ಅಜ್ಜಿ ತಿರುಗಿ ನೋಡಲೇ ಇಲ್ಲ. ಮೂರನೇ ಸಲ ಕೇಳಿ, ಬೆರಳಲ್ಲಿ ಲೆಕ್ಕ ಹಾಕಿ, ಆಮೇಲೆ ಕೈ ಮುಂದೆ ಮಾಡಿದರು. ನನ್ನ ಪ್ರಕಾರ ಒಪ್ಪಿಗೆ ಅಂದರೆ ಅದು. ಆ ಅಜ್ಜಿಗೆ ಸಿಕ್ಕ ಮರ್ಯಾದೆ ನನ್ನ ಮಗನಿಗೆ ಸಿಗಲಿಲ್ಲ, ನನಗೂ ಸಿಗಲಿಲ್ಲ. ನಾನು ಡಿಗ್ರಿ ಓದಿದವಳು. ಆದರೆ ಆ ಇಂಗ್ಲಿಷ್ ಓದುವುದು ನನಗೆ ತುಂಬಿದ ಹೊಳೆ ದಾಟಿದ ಹಾಗೆ. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಅದರ ಆರಂಭ ಮರೆತುಹೋಗಿರುತ್ತದೆ.

ಇಷ್ಟಕ್ಕೂ ಆ ಪೆಟ್ಟಿಗೆ ಏನೇನು ಬರೆದಿಟ್ಟುಕೊಳ್ಳುತ್ತದೆ? ಹೆಸರು, ಈಮೇಲ್, ಕಾರ್ಡ್ ವಿವರ ಗೊತ್ತಿದ್ದದ್ದೇ. ಇಂಟರ್‌ನೆಟ್ ವಿಳಾಸದಿಂದ ನೀವು ಸುಮಾರಾಗಿ ಯಾವ ಊರು ಅಂತ ತಿಳಿಯುತ್ತದೆ. ಯಾವ ಆಟ, ಎಷ್ಟು ಹೊತ್ತಿಗೆ ಶುರು, ಯಾವಾಗ ನಿಲ್ಲಿಸಿದಿರಿ, ಯಾರ ಜೊತೆ ಆಡಿದಿರಿ, ಯಾರಿಗೆ ಏನು ಮೆಸೇಜ್ ಕಳಿಸಿದಿರಿ, ಅಂಗಡಿಯ ಪುಟದಲ್ಲಿ ಏನೇನು ನೋಡಿದಿರಿ, ಏನು ಕೊಂಡಿರಿ. ಇದೆಲ್ಲ ಕಂಪನಿಗಳ ಖಾಸಗಿತನದ ನೀತಿಯಲ್ಲೇ ಬರೆದಿದೆ, ಗುಟ್ಟೇನಲ್ಲ. ಇಂಗ್ಲಿಷ್‌ನಲ್ಲಿ ಬರೆದಿದೆ, ಅಷ್ಟೇ.

ಬರೆದದ್ದನ್ನು ಓದುವುದು ಬೇರೆ, ನಮ್ಮದೇ ಲೆಕ್ಕ ನೋಡುವುದು ಬೇರೆ. ಕಂಪನಿಯ ಹತ್ತಿರ ನಮ್ಮ ಬಗ್ಗೆ ಏನಿದೆ ಅಂತ ಪ್ರತಿ ಕೇಳಬಹುದು ಅಂತ ತಮ್ಮ ಹೇಳಿದ. ಕೇಳಿದೆವು. ಕೆಲವು ದಿನ ಬಿಟ್ಟು ಒಂದು ಫೈಲ್ ಬಂತು. ಭಾನುವಾರ ಮಧ್ಯಾಹ್ನ ನಾನು ಕೂತು ತೆರೆದೆ. ಸಾಲು ಸಾಲು ದಿನಾಂಕ, ಸಮಯ, ಆಟದ ಹೆಸರು. ನಮ್ಮ ಸೊಸೈಟಿಯ ದಿನವಹಿ ಪುಸ್ತಕ ನೋಡಿದ ಹಾಗೇ ಇತ್ತು. ಸುಮ್ನೆ ಮೇಲಿಂದ ಕೆಳಗೆ ನೋಡುತ್ತಾ ಬಂದೆ. ಶಾಲೆ ಇದ್ದ ದಿನ ಸಂಜೆ ಆರರಿಂದ ಏಳು, ಭಾನುವಾರ ಸ್ವಲ್ಪ ಜಾಸ್ತಿ. ಜೂನ್ ತಿಂಗಳಿಗೆ ಬಂದಾಗ ಕಣ್ಣು ನಿಂತಿತು. ರಾತ್ರಿ 1:10. ರಾತ್ರಿ 2:25. ಮರುದಿನ ಮತ್ತೆ 1:40. ಒಂದೇ ವಾರದಲ್ಲಿ ಐದು ರಾತ್ರಿ.

ಅದು ನಮ್ಮ ಮಾವನವರು ತೀರಿಕೊಂಡ ವಾರ.

ಅವನು ಅಜ್ಜನ ಪಕ್ಕದಲ್ಲೇ ಮಲಗುತ್ತಿದ್ದ ಹುಡುಗ. ಆ ವಾರ ಮನೆ ತುಂಬಾ ನೆಂಟರು, ನಾನು ಅಡಿಗೆ, ಕಾರ್ಯ, ಬಂದವರು ಹೋದವರು ಅಂತ ಓಡಾಡುತ್ತಿದ್ದೆ. ಮಗ ಅಳಲಿಲ್ಲ, ಗಟ್ಟಿ ಇದ್ದಾನೆ ಅಂತ ಎಲ್ಲರೂ ಅಂದರು, ನಾನೂ ಅದನ್ನೇ ನಂಬಿದೆ. ಅವನು ರಾತ್ರಿ ಎದ್ದು ಹಾಲ್‌ಗೆ ಬಂದು ಟಿವಿಯ ದನಿ ತೆಗೆದು ಒಬ್ಬನೇ ಆಡುತ್ತಾ ಕೂತಿದ್ದ ಅಂತ ತಾಯಿಯಾದ ನನಗೆ ಎಂಟು ತಿಂಗಳಾದ ಮೇಲೆ ಗೊತ್ತಾಯಿತು. ಎಲ್ಲೋ ದೂರದ ದೇಶದ ಕಂಪ್ಯೂಟರ್‌ಗೆ ಅದೇ ರಾತ್ರಿ ಗೊತ್ತಿತ್ತು. ಯಾಕೆ ಅಂತ ಅದಕ್ಕೆ ಗೊತ್ತಿಲ್ಲದಿರಬಹುದು. ಈ ಹುಡುಗ ಈಗ ನಿದ್ದೆ ಮಾಡುತ್ತಿಲ್ಲ, ಕರೆದರೆ ಬರುತ್ತಾನೆ ಅನ್ನುವಷ್ಟು ಗೊತ್ತಿತ್ತು.

ಅಷ್ಟು ಗೊತ್ತಿದ್ದರೆ ಏನು ಮಾಡಬಹುದು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಆಕ್ಟಿವಿಷನ್ ಅನ್ನುವ ದೊಡ್ಡ ಆಟದ ಕಂಪನಿ 2015ರಲ್ಲಿ ಅಮೆರಿಕದಲ್ಲಿ ಒಂದು ಪೇಟೆಂಟ್‌ಗೆ ಅರ್ಜಿ ಹಾಕಿತು, 2017ರ ಅಕ್ಟೋಬರ್‌ನಲ್ಲಿ ಅದು ಮಂಜೂರಾಯಿತು. ಅದರಲ್ಲಿರುವ ಉಪಾಯ ಇದು. ಹೊಸ ಆಟಗಾರನಿಗೆ ಯಾವ ಥರದ ಬಂದೂಕು ಇಷ್ಟ ಅಂತ ಅವನ ಆಟದ ಲೆಕ್ಕದಿಂದ ಕಂಡುಕೊಳ್ಳುವುದು. ಅದೇ ಬಂದೂಕನ್ನು ದುಡ್ಡು ಕೊಟ್ಟು ಕೊಂಡ ಪಳಗಿದ ಆಟಗಾರನ ಜೊತೆ ಅವನನ್ನು ಸೇರಿಸುವುದು. ಅದನ್ನು ನೋಡಿ ಇವನಿಗೂ ಬೇಕು ಅನ್ನಿಸುತ್ತದೆ. ಕೊಂಡ ಮೇಲೆ, ಆ ಬಂದೂಕು ಚೆನ್ನಾಗಿ ಕೆಲಸ ಮಾಡುವಂಥ ಆಟಕ್ಕೇ ಅವನನ್ನು ಹಾಕುವುದು, ಕೊಂಡದ್ದು ಒಳ್ಳೆಯದಾಯಿತು ಅಂತ ಅವನಿಗೆ ಅನ್ನಿಸಲಿ ಅಂತ. ಇದನ್ನು ಯಾವ ಆಟದಲ್ಲೂ ಬಳಸಿಲ್ಲ ಅಂತ ಕಂಪನಿ ಆಗ ಹೇಳಿತು. ಆ ಮಾತನ್ನು ಇಲ್ಲಿ ಸೇರಿಸುವುದು ನ್ಯಾಯ. ಆದರೆ ಕೂತು ಯೋಚಿಸಿ, ಬರೆದು, ಹಕ್ಕು ಪಡೆದದ್ದಂತೂ ನಿಜ ಅಲ್ವಾ? ಅಷ್ಟು ಸಂಬಳ ಪಡೆಯುವ ದೊಡ್ಡವರು ಒಂದು ಕಡೆ, ಹನ್ನೆರಡು ವರ್ಷದ ಹುಡುಗ ಇನ್ನೊಂದು ಕಡೆ.

ಮಕ್ಕಳ ಮಾಹಿತಿಯ ವಿಷಯದಲ್ಲಿ ಆಗಿರುವ ತಪ್ಪುಗಳು ದಾಖಲೆಯಲ್ಲೇ ಇವೆ. 2023ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಅನ್ನುವ ಕನ್ಸೋಲ್ ವಿಷಯದಲ್ಲಿ 2 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಆಗಿನ ಲೆಕ್ಕದಲ್ಲಿ ಸುಮಾರು 165 ಕೋಟಿ ರೂಪಾಯಿ. ಅಮೆರಿಕದ ಕಾನೂನಿನಲ್ಲಿ 13 ವರ್ಷದೊಳಗಿನ ಮಗುವಿನ ಮಾಹಿತಿ ತೆಗೆದುಕೊಳ್ಳುವ ಮುಂಚೆ ತಂದೆ ತಾಯಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಇಲ್ಲಿ ಮಗು ತನ್ನ ನಿಜ ವಯಸ್ಸನ್ನು ಹೇಳಿದ ಮೇಲೂ 2021ರ ಕೊನೆಯವರೆಗೆ ಫೋನ್ ನಂಬರ್ ಕೇಳಿ, ಒಪ್ಪಂದಕ್ಕೆ ಒಪ್ಪಿಸಿ, ಆಮೇಲೆ ಅಪ್ಪ ಅಮ್ಮನನ್ನು ಕರೆ ಅನ್ನುತ್ತಿತ್ತು. ಜಾಹೀರಾತುದಾರರ ಜೊತೆ ಮಾಹಿತಿ ಹಂಚಿಕೊಳ್ಳಬಹುದು ಅನ್ನುವ ಚೌಕದಲ್ಲಿ 2019ರವರೆಗೆ ಮೊದಲೇ ಟಿಕ್ ಹಾಕಿರುತ್ತಿತ್ತು. ಅಪ್ಪ ಅಮ್ಮ ಬಂದು ಮುಂದುವರಿಸದೆ ಅಕೌಂಟ್ ಅರ್ಧಕ್ಕೇ ನಿಂತರೂ ಆ ಮಗುವಿನ ವಿವರಗಳು 2015ರಿಂದ 2020ರವರೆಗೆ, ಕೆಲವು ಸಲ ವರ್ಷಗಟ್ಟಲೆ, ಹಾಗೇ ಉಳಿದಿದ್ದವು. ತಾಂತ್ರಿಕ ದೋಷದಿಂದ ಹಾಗಾಯಿತು, ಸರಿಪಡಿಸಿದ್ದೇವೆ ಅಂತ ಕಂಪನಿ ಹೇಳಿತು.

ಅದಕ್ಕೂ ಆರು ತಿಂಗಳ ಮುಂಚೆ, 2022ರ ಡಿಸೆಂಬರ್‌ನಲ್ಲಿ, ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಮಕ್ಕಳ ಖಾಸಗಿತನದ ಕಾನೂನು ಮುರಿದದ್ದಕ್ಕೆ 27.5 ಕೋಟಿ ಡಾಲರ್ ಕೊಡಲು ಒಪ್ಪಿತ್ತು, ಅಂದರೆ 2,200 ಕೋಟಿ ರೂಪಾಯಿಗೂ ಹೆಚ್ಚು. ಅಮೆರಿಕ ಸರ್ಕಾರ ಅದರ ಮೇಲೆ ಹಾಕಿದ ದೂರಿನಲ್ಲಿ ಇದ್ದ ಒಂದು ಮುಖ್ಯ ಅಂಶ ಓದಿದಾಗ ನಮ್ಮ ಅವರೆಕಾಯಿ ಸಂಜೆಯೇ ಕಣ್ಣ ಮುಂದೆ ಬಂತು: ಅಪರಿಚಿತರ ಜೊತೆ ದನಿಯಲ್ಲಿ ಮಾತಾಡುವ ಸೌಲಭ್ಯ ಮಕ್ಕಳಿಗೂ ಮೊದಲಿಂದಲೇ ಆನ್ ಆಗಿರುತ್ತಿತ್ತು.

ಕೂಡಿಟ್ಟ ಮಾಹಿತಿ ಕಳುವಾಗುವುದೂ ಇದೆ. 2011ರ ಏಪ್ರಿಲ್‌ನಲ್ಲಿ ಸೋನಿ ಕಂಪನಿಯ ಪ್ಲೇಸ್ಟೇಷನ್ ಕನ್ಸೋಲ್‌ನ ನೆಟ್‌ವರ್ಕ್‌ಗೆ ಕಳ್ಳರು ನುಗ್ಗಿ ಸುಮಾರು 7.7 ಕೋಟಿ ಅಕೌಂಟ್‌ಗಳ ಹೆಸರು, ವಿಳಾಸ, ಹುಟ್ಟಿದ ದಿನಾಂಕ, ಪಾಸ್‌ವರ್ಡ್ ಮಾಹಿತಿಗೆ ಕೈ ಹಾಕಿದರು. ಏಪ್ರಿಲ್ 20ಕ್ಕೆ ನೆಟ್‌ವರ್ಕ್ ಮುಚ್ಚಿದ ಕಂಪನಿ, ಮಾಹಿತಿ ಹೋಗಿದೆ ಅಂತ ಬಳಕೆದಾರರಿಗೆ ಹೇಳಿದ್ದು 26ಕ್ಕೆ. ಮೇ 1ರಂದು ಟೋಕಿಯೋದಲ್ಲಿ ಸೋನಿಯ ಹಿರಿಯ ಅಧಿಕಾರಿ ಕಝುವೊ ಹಿರಾಯ್ ಮತ್ತು ಇನ್ನಿಬ್ಬರು ಅಧಿಕಾರಿಗಳು ಪತ್ರಕರ್ತರ ಮುಂದೆ ತಲೆ ಬಾಗಿಸಿ ಕ್ಷಮೆ ಕೇಳಿದರು. ಬ್ರಿಟನ್‌ನ ಮಾಹಿತಿ ಆಯುಕ್ತರ ಕಚೇರಿ 2013ರ ಜನವರಿಯಲ್ಲಿ 2.5 ಲಕ್ಷ ಪೌಂಡ್ ದಂಡ ಹಾಕಿತು. ಪಾಸ್‌ವರ್ಡ್ ಬದಲಾಯಿಸಬಹುದು, ಕಾರ್ಡ್ ಬದಲಾಯಿಸಬಹುದು. ಹುಟ್ಟಿದ ದಿನಾಂಕ ಬದಲಾಯಿಸಲು ಆಗುತ್ತದಾ?

ದನಿಯ ವಿಷಯ ಬಂದಾಗ ಒಂದು ಮಾತು ನಿಷ್ಪಕ್ಷಪಾತವಾಗಿ ಹೇಳಬೇಕು. ಪ್ಲೇಸ್ಟೇಷನ್ 5ರಲ್ಲಿ ಕೊನೆಯ ಐದು ನಿಮಿಷದ ಮಾತು ದಾಖಲಾಗಿರುತ್ತದೆ. ಯಾರಾದರೂ ಕೆಟ್ಟದಾಗಿ ಮಾತಾಡಿದರೆ ಅದರಲ್ಲಿ 40 ಸೆಕೆಂಡಿನವರೆಗಿನ ತುಣುಕನ್ನು ದೂರಿನ ಜೊತೆ ಕಳಿಸಬಹುದು. ಎಕ್ಸ್‌ಬಾಕ್ಸ್‌ನಲ್ಲೂ 2023ರಿಂದ 60 ಸೆಕೆಂಡಿನ ತುಣುಕು ಕಳಿಸುವ ವ್ಯವಸ್ಥೆ ಇದೆ. ಹೆಣ್ಣುಮಕ್ಕಳು ಆಡಲು ಬಂದರೆ ಎಂಥೆಂಥ ಮಾತು ಕೇಳಬೇಕಾಗುತ್ತದೆ ಅಂತ ನನ್ನ ತಂಗಿಯ ಮಗಳಿಂದ ಕೇಳಿ ಬಲ್ಲೆ. ಅಂಥವರ ಬಾಯಿ ಮುಚ್ಚಿಸಲು ಈ ದಾಖಲೆ ಬೇಕೇ ಬೇಕು. ನಾನು ಅದನ್ನು ವಿರೋಧಿಸುವುದಿಲ್ಲ. ಆದರೆ ಮಾತಾಡಿದ್ದು ದಾಖಲಾಗುತ್ತದೆ ಅನ್ನುವುದು ಮಾತಾಡುವವರಿಗೂ, ಅದೇ ಕೋಣೆಯಲ್ಲಿ ಕೂತ ಅಜ್ಜಿಗೂ ಗೊತ್ತಿರಬೇಕು. 2019ರ ಆಗಸ್ಟ್‌ನಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಬಂದ ವರದಿ ಬೇರೆಯೇ ಥರದ್ದು. ಎಕ್ಸ್‌ಬಾಕ್ಸ್ ಮುಂದೆ ಜನ ಆಡಿದ ಮಾತಿನ ತುಣುಕುಗಳನ್ನು, ಯಂತ್ರ ತಪ್ಪಾಗಿ ದಾಖಲಿಸಿಕೊಂಡದ್ದನ್ನೂ ಸೇರಿಸಿ, ಗುತ್ತಿಗೆಯ ಕೆಲಸಗಾರರು ಕೂತು ಕೇಳುತ್ತಿದ್ದರು. ಅದರಲ್ಲಿ ಮಕ್ಕಳ ದನಿಯೂ ಇತ್ತು.

ಇದನ್ನೆಲ್ಲ ಓದಿ ಹತಾಶೆಯಾಗಬೇಕಿಲ್ಲ, ಯಾಕೆಂದರೆ ಜನ ಕೇಳಿದಾಗ ಈ ಕಂಪನಿಗಳು ಬದಲಾಗಿವೆ. 2013ರ ಮೇ ತಿಂಗಳಲ್ಲಿ ಎಕ್ಸ್‌ಬಾಕ್ಸ್ ಒನ್ ಘೋಷಣೆಯಾದಾಗ ಅದರ ಜೊತೆ ಕಿನೆಕ್ಟ್ ಅನ್ನುವ ಕ್ಯಾಮೆರಾ ಮತ್ತು ಮೈಕ್ ಇರಲೇಬೇಕು, ದಿನಕ್ಕೊಮ್ಮೆ ಇಂಟರ್‌ನೆಟ್‌ಗೆ ಸೇರಲೇಬೇಕು ಅಂತ ಹೇಳಿದ್ದರು. ಜರ್ಮನಿಯ ಅಂದಿನ ದತ್ತಾಂಶ ರಕ್ಷಣಾ ಆಯುಕ್ತ ಪೀಟರ್ ಷಾರ್ ಬಹಿರಂಗವಾಗಿ ಆಕ್ಷೇಪ ಎತ್ತಿದರು. ಆಡುವವರು ಇನ್ನೂ ಜೋರಾಗಿ ಕೂಗಿದರು. ಜೂನ್‌ನಲ್ಲಿ ಇಂಟರ್‌ನೆಟ್ ನಿಯಮ ಹೋಯಿತು, ಆಗಸ್ಟ್‌ನಲ್ಲಿ ಕಿನೆಕ್ಟ್ ಇಲ್ಲದೆಯೂ ನಡೆಯುತ್ತದೆ ಅಂದರು, ಮರುವರ್ಷ ಅದಿಲ್ಲದೆಯೇ ಮಾರಿದರು, 2017ರಲ್ಲಿ ಅದನ್ನು ತಯಾರಿಸುವುದನ್ನೇ ನಿಲ್ಲಿಸಿದರು. 2024ರ ಮೇ ತಿಂಗಳಲ್ಲಿ ಹೆಲ್‌ಡೈವರ್ಸ್ 2 ಅನ್ನುವ ಆಟವನ್ನು ಕಂಪ್ಯೂಟರ್‌ನಲ್ಲಿ ಆಡುವವರೂ ಪ್ಲೇಸ್ಟೇಷನ್ ಅಕೌಂಟ್ ಜೋಡಿಸಲೇಬೇಕು ಅಂತ ಸೋನಿ ಹೇಳಿತು. ಲಕ್ಷಗಟ್ಟಲೆ ಜನ ಆಟಕ್ಕೆ ಕೆಟ್ಟ ವಿಮರ್ಶೆ ಬರೆದರು. ಕೆಲವೇ ದಿನದಲ್ಲಿ ಕಂಪನಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು.

ಹಾಗಾದರೆ ನಾವು ಕನ್ನಡಿಗರು ಏನು ಕೇಳಬೇಕು? ಹೊಸದೇನನ್ನೂ ಕೇಳಬೇಕಿಲ್ಲ. ಕಾನೂನಿನಲ್ಲಿ ಆಗಲೇ ಬರೆದದ್ದನ್ನೇ ಕೇಳೋಣ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ತಮ್ಮನ ಸಹಾಯದಿಂದ ನಿಧಾನಕ್ಕೆ ಓದಿದೆ. ಅದರಲ್ಲಿ ಮಗು ಅಂದರೆ 18 ವರ್ಷದೊಳಗಿನವರು. ಅಮೆರಿಕದ ಹಾಗೆ 13ಕ್ಕೇ ನಿಲ್ಲಿಸಿಲ್ಲ, ಇದು ನನಗೆ ತುಂಬಾ ಹಿಡಿಸಿತು. ಮಗುವಿನ ಮಾಹಿತಿ ಬಳಸುವ ಮುಂಚೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು, ಆ ಒಪ್ಪಿಗೆ ನಿಜವಾದದ್ದೇ ಅಂತ ಪರಿಶೀಲಿಸಲು ಆಗಬೇಕು. ಮಕ್ಕಳ ನಡವಳಿಕೆಯ ಮೇಲೆ ಕಣ್ಣಿಡುವಂತಿಲ್ಲ, ಅವರಿಗೆಂದೇ ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. 2025ರ ನವೆಂಬರ್‌ನಲ್ಲಿ ನಿಯಮಗಳೂ ಬಂದವು. ಭಾರತದಲ್ಲಿ 50 ಲಕ್ಷಕ್ಕೂ ಹೆಚ್ಚು ಬಳಕೆದಾರರಿರುವ ಆನ್‌ಲೈನ್ ಗೇಮಿಂಗ್ ಸಂಸ್ಥೆಗಳು, ಮೂರು ವರ್ಷ ಯಾರೂ ಬಳಸದ ಅಕೌಂಟ್‌ನ ಮಾಹಿತಿಯನ್ನು ಅಳಿಸಬೇಕು ಅಂತಲೂ ಅದರಲ್ಲಿದೆ. ಮುಖ್ಯ ಜವಾಬ್ದಾರಿಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಗಡುವು ಇಟ್ಟಿದ್ದಾರೆ, ಅಂದರೆ 2027ರ ಮೇ.

ನನ್ನ ಮನಸ್ಸಿಗೆ ಜಾಸ್ತಿ ನಾಟಿದ್ದು ಇನ್ನೊಂದು ಸಾಲು. ಒಪ್ಪಿಗೆ ಕೇಳುವಾಗ, ಅದನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿರುವ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು, ಅದೂ ಸರಳವಾದ ಮಾತಿನಲ್ಲಿ. ಆ ಪರಿಚ್ಛೇದದಲ್ಲಿ 22 ಭಾಷೆಗಳಿವೆ. ಕನ್ನಡ ಅದರಲ್ಲಿದೆ. ನಮ್ಮ ಸೊಸೈಟಿಯಲ್ಲಿ ಎಮ್ಮೆ ಸಾಲದ ಅಜ್ಜಿಗೆ ಓದಿ ಹೇಳುವ ಪದ್ಧತಿಯನ್ನೇ ಈ ದೇಶದ ಸಂಸತ್ತು ಜಗತ್ತಿನ ಅತಿ ದೊಡ್ಡ ಕಂಪನಿಗಳಿಗೂ ಹಾಕಿಕೊಟ್ಟಿದೆ. ಇದನ್ನು ಓದಿದಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ, ಆ ಪುಟದ ಪ್ರಿಂಟ್ ತೆಗೆದು ನಮ್ಮ ಮನೆಯವರಿಗೆ ತೋರಿಸಿದೆ.

ನಮ್ಮ ಮನೆಯ ಕನ್ಸೋಲ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿಲ್ಲ. ಒಪ್ಪಂದ ಕನ್ನಡದಲ್ಲಿ ಇಲ್ಲ. ಕಂಪನಿಯ ಸಹಾಯ ವಿಭಾಗಕ್ಕೆ ಕನ್ನಡದಲ್ಲೇ ಒಂದು ಪತ್ರ ಬರೆದೆ. ನನ್ನ ಮಗನ ಯಾವ ಮಾಹಿತಿ ನಿಮ್ಮಲ್ಲಿದೆ, ಯಾರ ಜೊತೆ ಹಂಚಿಕೊಂಡಿದ್ದೀರಿ, ಒಪ್ಪಂದದ ಕನ್ನಡ ಪ್ರತಿ ಯಾವಾಗ ಸಿಗುತ್ತದೆ, ಇಷ್ಟೇ ಮೂರು ಪ್ರಶ್ನೆ. ಈ ಭಾಷೆಯಲ್ಲಿ ಸೇವೆ ಲಭ್ಯವಿಲ್ಲ ಅಂತ ಇಂಗ್ಲಿಷ್‌ನಲ್ಲಿ ಎರಡು ಸಾಲಿನ ಉತ್ತರ ಬಂತು. ಕಾನೂನಿನ ಗಡುವು ಇನ್ನೂ ಬಂದಿಲ್ಲ, ಹಾಗಾಗಿ ಅವರು ತಪ್ಪು ಮಾಡಿದ್ದಾರೆ ಅಂತ ಹೇಳಲಾರೆ. ಆದರೆ ಗಡುವಿನ ಕೊನೆಯ ದಿನದವರೆಗೆ ಯಾಕೆ ಕಾಯಬೇಕು? ಲಕ್ಷಾಂತರ ಜನರ ಆಟವನ್ನು ಕ್ಷಣಕ್ಷಣಕ್ಕೂ ಲೆಕ್ಕ ಇಡಬಲ್ಲವರಿಗೆ ನಾಲ್ಕು ಪುಟ ಕನ್ನಡ ಬರೆಸುವುದು ಕಷ್ಟವೇ?

ಬರೆಸುವಾಗ ದಯವಿಟ್ಟು ಯಂತ್ರದಿಂದ ಅನುವಾದ ಮಾಡಿಸಿ ಅಂಟಿಸಬೇಡಿ. ಬ್ಯಾಂಕುಗಳ ಆ್ಯಪ್‌ನಲ್ಲಿ ಅಂಥ ಕನ್ನಡ ಓದಿ ಸಾಕಾಗಿದೆ, ಅದಕ್ಕಿಂತ ಇಂಗ್ಲಿಷೇ ವಾಸಿ ಅನ್ನಿಸುತ್ತದೆ. "ನಿಮ್ಮ ಮಗು ಆಡುವಾಗ ಈ ಕೋಣೆಯಲ್ಲಿ ಆಡಿದ ಮಾತು ಬೇರೆ ಆಟಗಾರರಿಗೆ ಕೇಳಿಸುತ್ತದೆ. ಬೇಡವಾದರೆ ಇಲ್ಲಿ ಒತ್ತಿ." ಇಷ್ಟು ಸಾಕು. ಇದನ್ನು ನಮ್ಮತ್ತೆಯೂ ಓದಬಲ್ಲರು. ಪೆಟ್ಟಿಗೆಯ ಮೇಲೂ ಇದನ್ನು ಅಚ್ಚು ಹಾಕಲಿ. ಐವತ್ತು ಸಾವಿರ ಕೊಟ್ಟು ಕೊಳ್ಳುವ ವಸ್ತು ಅದು. ಹತ್ತು ರೂಪಾಯಿ ಬಿಸ್ಕತ್ ಪೊಟ್ಟಣದ ಮೇಲೂ ಒಳಗೆ ಏನಿದೆ ಅಂತ ಬರೆದಿರುತ್ತದೆ.

ಮೈಕ್, ಅಪರಿಚಿತರ ಜೊತೆ ಮಾತು, ಹೆಚ್ಚುವರಿ ಮಾಹಿತಿ ಕಳಿಸುವುದು, ಇವೆಲ್ಲ ಮೊದಲಿಗೆ ಆಫ್ ಆಗಿರಬೇಕು. ಬೇಕಾದವರು ಆನ್ ಮಾಡಿಕೊಳ್ಳಲಿ. ಬ್ರಿಟನ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಪೂರ್ತಿ ಜಾರಿಯಲ್ಲಿರುವ ಮಕ್ಕಳ ಸಂಹಿತೆಯಲ್ಲಿ, 18 ವರ್ಷದೊಳಗಿನವರಿಗೆ ಖಾಸಗಿತನದ ಸೆಟ್ಟಿಂಗ್ ಮೊದಲಿಂದಲೇ ಬಿಗಿಯಾಗಿರಬೇಕು ಅಂತ ಇದೆ. ಲಂಡನ್‌ನ ಹುಡುಗನಿಗೆ ಮಾಡಲಾಗುವುದನ್ನು ದಾವಣಗೆರೆಯ ಹುಡುಗನಿಗೂ ಮಾಡಬಹುದು. ಅದೇ ಕಂಪನಿ, ಅದೇ ಪೆಟ್ಟಿಗೆ.

ಇದು ಶ್ರೀಮಂತರ ಮಕ್ಕಳ ಸಮಸ್ಯೆ, ನಮ್ಮ ಊರಲ್ಲಿ ಎಷ್ಟು ಮನೆಯಲ್ಲಿ ಕನ್ಸೋಲ್ ಇದೆ ಅಂತ ನಮ್ಮ ಆಫೀಸಿನಲ್ಲೇ ಒಬ್ಬರು ಕೇಳಿದರು. ಕನ್ಸೋಲ್ ಇಲ್ಲದ ಮನೆಯಲ್ಲಿ ಮೊಬೈಲ್ ಇದೆ, ಅದರಲ್ಲೂ ಇದೇ ಒಪ್ಪಂದ, ಇದೇ ಮೈಕ್. ಅಲ್ಲದೆ ನಮ್ಮ ಊರಿನ ಗೇಮಿಂಗ್ ಪಾರ್ಲರ್‌ಗಳಲ್ಲಿ ಗಂಟೆಗೆ ಇಷ್ಟು ಅಂತ ಕೊಟ್ಟು ಆಡುವ ಹುಡುಗರ ಸಾಲನ್ನು ಶನಿವಾರ ಸಂಜೆ ಬಂದು ನೋಡಿ. ಅಲ್ಲಿ ಅಕೌಂಟ್ ಯಾರದ್ದೋ, ದನಿ ಯಾರದ್ದೋ. ಆ ಮಕ್ಕಳ ಪರವಾಗಿ ಒಪ್ಪಿಗೆ ಕೊಟ್ಟವರು ಯಾರು ಅಂತ ಪಾರ್ಲರ್ ನಡೆಸುವವರಿಗೂ ಗೊತ್ತಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಒಮ್ಮೆ ಹೋಗಿ ನೋಡಬೇಕು ಅಂತ ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ.

ಖಾಸಗಿತನ ಈ ದೇಶದ ಪ್ರತಿಯೊಬ್ಬರ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ನಮ್ಮವರು. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅವರು ಆಧಾರ್ ವಿಷಯದಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆ ವಯಸ್ಸಿನಲ್ಲಿ ತನಗಾಗಿ ಏನೂ ಬೇಕಿಲ್ಲದಿದ್ದಾಗ ಅವರು ಕೋರ್ಟ್ ಮೆಟ್ಟಿಲು ಹತ್ತಿದರು. ಅವರ ಹೆಸರನ್ನು ನನ್ನ ಮಗನ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕು. ಕಂಪ್ಯೂಟರ್ ಪಾಠದಲ್ಲೋ ಸಮಾಜ ಪಾಠದಲ್ಲೋ, ಎಲ್ಲಾದರೂ ಸರಿ.

ಕನ್ಸೋಲ್ ಇರುವ ತಂದೆ ತಾಯಂದಿರು ಇವತ್ತೇ ಮಾಡಬಹುದಾದದ್ದನ್ನೂ ಹೇಳಿಬಿಡುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಅಥವಾ ಯೂಸರ್ ಅನ್ನುವ ಕಡೆ ಹೋದರೆ ಪ್ರೈವಸಿ ಅಂತ ಇರುತ್ತದೆ. ಅಲ್ಲಿ ಕಂಪನಿಗೆ ಎಷ್ಟು ಮಾಹಿತಿ ಕಳಿಸಬೇಕು ಅಂತ ಕೇಳುವ ಜಾಗದಲ್ಲಿ ಕಡಿಮೆ ಇರುವುದನ್ನು ಆರಿಸಿ. ನಿಮ್ಮ ಮಗು ಏನು ಆಡುತ್ತಿದೆ ಅಂತ ಯಾರಿಗೆ ಕಾಣಬೇಕು ಅನ್ನುವುದನ್ನು ಗೆಳೆಯರಿಗೆ ಮಾತ್ರ ಅಂತ ಮಾಡಿ. ವೈಯಕ್ತಿಕ ಜಾಹೀರಾತು ಬೇಡ ಅನ್ನಿ. ಮೈಕ್ ಬಟನ್ ಎಲ್ಲಿದೆ ಅಂತ ಮನೆಯಲ್ಲಿ ಎಲ್ಲರಿಗೂ ತೋರಿಸಿ, ವಯಸ್ಸಾದವರಿಗೂ. ಹತ್ತು ನಿಮಿಷದ ಕೆಲಸ. ಮಗುವನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ, ಅವರಿಗೆ ನಮಗಿಂತ ಬೇಗ ಗೊತ್ತಾಗುತ್ತದೆ.

ಮಗನ ಹಳೆಯ ಅಕೌಂಟ್ ತೆಗೆಸಿಬಿಟ್ಟೆವು. ಗೆದ್ದ ಪದಕಗಳೆಲ್ಲ ಹೋದವು ಅಂತ ಒಂದು ದಿನ ಬೇಜಾರಾಗಿದ್ದ. ಆ ಜೂನ್ ತಿಂಗಳ ರಾತ್ರಿಗಳ ಬಗ್ಗೆ ನಾನು ಬೈಯಲಿಲ್ಲ. ಅಜ್ಜನ ಬಗ್ಗೆ ಮಾತಾಡಿದೆವು, ಮೊದಲ ಸಲ, ತುಂಬಾ ಹೊತ್ತು. ಈಗ ನನ್ನ ಹೆಸರಲ್ಲೊಂದು ಅಕೌಂಟ್, ಅದರ ಕೆಳಗೆ ಅವನದು, ಅವನ ನಿಜವಾದ ಹುಟ್ಟಿದ ದಿನಾಂಕದ ಜೊತೆ. ಒಪ್ಪಂದ ಈಗಲೂ ಇಂಗ್ಲಿಷ್‌ನಲ್ಲೇ ಇದೆ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಡಿಕ್ಷನರಿ ಇಟ್ಟುಕೊಂಡು ಒಂದೊಂದು ಸಾಲನ್ನೂ ಕನ್ನಡದಲ್ಲಿ ಅವನಿಗೆ ಓದಿ ಹೇಳುತ್ತಿದ್ದೇನೆ. ಎರಡು ಭಾನುವಾರ ಕಳೆದಿದೆ, ಇನ್ನೂ ಅರ್ಧ ಬಾಕಿ ಇದೆ. ಅದು ಮುಗಿಯುವವರೆಗೆ ಕನ್ಸೋಲ್‌ಗೆ ವೈಫೈ ಹಾಕುವುದಿಲ್ಲ ಅಂತ ಅವನೇ ಹೇಳಿದ್ದಾನೆ.

ಮಗನ ವಿಷಯ ಇರುವುದರಿಂದ ನನ್ನ ಹೆಸರು ಅಚ್ಚು ಹಾಕಬೇಡಿ ಅಂತ ವಿನಂತಿ. ಈ ಪತ್ರ ಕಳಿಸುವ ಮುಂಚೆ ಅವನಿಗೆ ಪೂರ್ತಿ ಓದಿ ಹೇಳಿದ್ದೇನೆ, ಅವನು ಒಪ್ಪಿದ್ದಾನೆ.

ನಿಮ್ಮ ಓದುಗರಲ್ಲೊಬ್ಬಳು,
ದಾವಣಗೆರೆ